ತಟ್ಟಿ ನೋಡದ ಸೊನ್ನೆ

ದೊಡ್ಡ ದೊಡ್ಡ ಸಂಖ್ಯೆ ನೋಡಿ ನೆಮ್ಮದಿ ಕಳೆದುಕೊಂಡವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಜಗದೇವಿಯ ನೆಮ್ಮದಿ ಕೆಡಿಸಿದ್ದು ಒಂದು ಸೊನ್ನೆ. ಮೂರು ದಿನದಿಂದ ಗಂಟೆಗೊಮ್ಮೆ ಅದೇ ಸೊನ್ನೆಯನ್ನು ತೆರೆದು ನೋಡುತ್ತಿದ್ದಳು, ಮುಚ್ಚುತ್ತಿದ್ದಳು, ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ತೆರೆಯುತ್ತಿದ್ದಳು. ಸೊನ್ನೆ ಸೊನ್ನೆಯಾಗಿಯೇ ಇರುತ್ತಿತ್ತು. ಅವಳ ಸಂಕಟವೂ ಅದೇ ಆಗಿತ್ತು.

ಕಲಬುರಗಿಯ ಸೇತು ಕೇಂದ್ರದ ನಿಗಾ ಕೋಣೆಯಲ್ಲಿ ಅವಳದು ಹನ್ನೊಂದು ವರ್ಷದ ನೌಕರಿ. ಬೆನ್ನುಹುರಿ ಕಡಿದುಹೋದವರನ್ನು ಮತ್ತೆ ನಡೆಸುವ ಆ ಸಾಧನಕ್ಕೆ ಸರ್ಕಾರಿ ಕಾಗದದಲ್ಲಿ ಒಂದು ಮೊಳ ಉದ್ದದ ಹೆಸರಿದೆ. ಜನ ಮಾತ್ರ ಅದನ್ನು ಸೇತು ಎಂದೇ ಕರೆಯುತ್ತಾರೆ. ಸೊಂಟದ ಮೇಲೆ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ಹುರಿ ಕಡಿದ ಜಾಗದ ಮೇಲಿಂದ ಮೆದುಳಿನ ಆಜ್ಞೆಯನ್ನು ಎತ್ತಿಕೊಂಡು ಕೆಳಗಿನ ನರಗಳಿಗೆ ದಾಟಿಸುವುದು ಅದರ ಕೆಲಸ. ಆದರೆ ಎಲ್ಲರ ನಡಿಗೆಯೂ ಒಂದೇ ಅಲ್ಲವಲ್ಲ. ಹಾಗಾಗಿ ಆಪರೇಷನ್ ಆದ ಮೊದಲ ನೂರು ದಿನ ಪಾಠ ನಡೆಯುತ್ತದೆ. ನಿಲ್ಲುವುದು, ತಿರುಗುವುದು, ಮೆಟ್ಟಿಲು ಹತ್ತುವುದು, ಕುಕ್ಕರಗಾಲಲ್ಲಿ ಕೂರುವುದು, ಎಲ್ಲವನ್ನೂ ಬಿದ್ದೆದ್ದು ಕಲಿಯಬೇಕು. ಕಲಿತದ್ದೆಲ್ಲ ಪೆಟ್ಟಿಗೆಯೊಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಅಚ್ಚಾಗುತ್ತದೆ. ನೂರು ದಿನ ಕಳೆದ ಮೇಲೆ ಕೆಳಗಿನ ನರಗಳು ಹೊಸ ಪಾಠ ಕಲಿಯುವುದಿಲ್ಲ. ಕಲಿತದ್ದೇ ಕಡೆತನಕ.

ಒಂದು ನಕಲು ಬೇರೆಡೆ ಇಟ್ಟರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬ್ಯಾಂಕಿನ ಬಾಗಿಲಿಂದ ಹಿಡಿದು ರೇಷನ್ ಅಂಗಡಿಯವರೆಗೆ ಮನುಷ್ಯನನ್ನು ಅವನ ನಡಿಗೆಯಿಂದಲೇ ಗುರುತಿಸುವ ಕಾಲ ಅದು. ಒಬ್ಬನ ನಡಿಗೆ ಇನ್ನೊಬ್ಬನ ಕೈಗೆ ಸಿಕ್ಕರೆ ಏನೇನಾಗುತ್ತದೆ ಎಂದು ಒಮ್ಮೆ ನೋಡಿ ಬೆಚ್ಚಿಬಿದ್ದ ಮೇಲೆ, ನಡಿಗೆಯ ಒಂದು ಅಕ್ಷರವೂ ದೇಹ ಬಿಟ್ಟು ಹೊರಗೆ ಹೋಗಕೂಡದು ಎಂದು ಕಾನೂನಾಯಿತು. ಹೀಗಾಗಿ ಒಂದು ಸಾವಿರದ ನೂರಾ ಎಂಬತ್ತಾರು ಜನರ ನಡಿಗೆ ಕಾಯುವ ಕೇಂದ್ರಕ್ಕೆ ಆ ನಡಿಗೆ ಹೇಗಿದೆ ಎಂದು ನೋಡುವ ಹಕ್ಕಿರಲಿಲ್ಲ. ಅಲ್ಲಿಗೆ ಬರುತ್ತಿದ್ದದ್ದು ಕರ್ನೆಲ್ ಕೊಡುವ ಕೆಲವು ಅಂಕಿಗಳು ಮಾತ್ರ.

ಯಾವ ಗಣಕದಲ್ಲೂ ಯಂತ್ರಕ್ಕೂ ಉಳಿದ ತಂತ್ರಾಂಶಗಳಿಗೂ ನಡುವೆ ಕೂತು ಆಡಳಿತ ನಡೆಸುವ ಮೂಲ ತಂತ್ರಾಂಶವೊಂದು ಇರುತ್ತದೆ. ಅದೇ ಕರ್ನೆಲ್. ತನ್ನ ಕೈಕೆಳಗಿನ ಒಂದೊಂದು ಫ್ಲ್ಯಾಶ್ ಮೆಮೊರಿಗೂ ಅದು ಒಂದು ಫೋಲ್ಡರ್ ತೆರೆದಿಡುತ್ತದೆ. ಅದರೊಳಗೆ ಚಿಕ್ಕ ಚಿಕ್ಕ ಕಡತಗಳು, ಒಂದೊಂದರಲ್ಲೂ ಒಂದೇ ಸಾಲು. ಚಿಪ್ಪಿನ ಹೆಸರು ಒಂದರಲ್ಲಿ, ಗಾತ್ರ ಒಂದರಲ್ಲಿ, ಕೆಟ್ಟುಹೋದ ತುಂಡುಗಳೆಷ್ಟು ಎಂಬುದು ಮತ್ತೊಂದರಲ್ಲಿ. ಇವತ್ತಿನವರೆಗೆ ಓದುವಾಗ ಎಷ್ಟು ತಪ್ಪು ತಿದ್ದಿದೆ ಎಂಬುದಕ್ಕೆ ಒಂದು ಕಡತ, ತಿದ್ದಲಾಗದೆ ಕೈಚೆಲ್ಲಿದ್ದು ಎಷ್ಟು ಸಲ ಎಂಬುದಕ್ಕೆ ಇನ್ನೊಂದು. ನಿಜ ಹೇಳಬೇಕೆಂದರೆ ಅವು ಬರೆದಿಟ್ಟ ಕಡತಗಳೂ ಅಲ್ಲ. ಯಾರಾದರೂ ತೆರೆದಾಗ ಆ ಕ್ಷಣದ ಉತ್ತರವನ್ನು ಕರ್ನೆಲ್ ಹೇಳುತ್ತದೆ, ಅಷ್ಟೇ. ಹೆಚ್ಚು ಹೇಳುವುದಿಲ್ಲ, ಕಡಿಮೆ ಹೇಳುವುದಿಲ್ಲ, ಕೇಳದವರನ್ನು ಹುಡುಕಿಕೊಂಡು ಬಂದು ಹೇಳುವುದೂ ಇಲ್ಲ.

ಅದು ತಾನಾಗಿ ಬಾಯಿ ಬಿಡುವುದು ಒಂದೇ ಸಂದರ್ಭದಲ್ಲಿ. ಆ ಫೋಲ್ಡರಿನಲ್ಲಿ ಮಿತಿ ಎಂಬ ಕಡತವೊಂದಿದೆ, ಅದನ್ನು ಓದಬಹುದು, ತಿದ್ದಲೂಬಹುದು. ಫ್ಲ್ಯಾಶ್ ಮೆಮೊರಿಯಲ್ಲಿ ಬರೆದದ್ದು ಕಾಲ ಕಳೆದಂತೆ, ಶಾಖ ತಗುಲಿದಂತೆ ಅಲ್ಲಲ್ಲಿ ಅಳಿಸುತ್ತ ಹೋಗುತ್ತದೆ. ಒಂದು ತುಣುಕಿನಲ್ಲಿ ಎಂಟು ತಪ್ಪಿನವರೆಗೆ ಓದುವಾಗಲೇ ತಿದ್ದಿಕೊಳ್ಳಲು ಬರುತ್ತದೆ, ಒಂಬತ್ತಾದರೆ ಆ ತುಣುಕು ಹೋಯಿತು. ಸೇತು ತಯಾರಿಸಿದವರು ಮಿತಿಯನ್ನು ನಾಲ್ಕಕ್ಕೆ ಇಟ್ಟಿದ್ದರು. ನಾಲ್ಕು ತಪ್ಪು ಕಂಡ ಕೂಡಲೇ ಕರ್ನೆಲ್ ಸೇತುವಿನ ತಂತ್ರಾಂಶಕ್ಕೆ ತಿಳಿಸುತ್ತಿತ್ತು, ಇನ್ನೂ ಓದಲು ಬರುವಾಗಲೇ ಅದನ್ನು ಹೊಸ ಜಾಗಕ್ಕೆ ಬರೆದುಕೊಳ್ಳಬೇಕಾಗುತ್ತಿತ್ತು. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತು ಕಾಲು ಆಡುವುದಿಲ್ಲ. ಸೊಂಟದಲ್ಲಿ ಮೂರು ಸಲ ಗುರ್ ಎಂದು ನಡುಗಿ ಸೇತು ಎಚ್ಚರಿಸುತ್ತಿತ್ತು. ಎಲ್ಲಿದ್ದರೆ ಅಲ್ಲಿ ಕೂರಬೇಕು.

ಜನ ಇದಕ್ಕೆ ಕೂಡು ಹೊತ್ತು ಎಂದು ಹೆಸರಿಟ್ಟು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಸಂತೆಯ ನಡುವೆ, ಬಸ್ಸಿನ ಬಾಗಿಲಲ್ಲಿ, ಅಕ್ಷತೆ ಹಾಕುವ ಹೊತ್ತಿಗೆ ಸರಿಯಾಗಿ ಅದು ಕೂರಿಸುತ್ತಿತ್ತು. ಜಗದೇವಿಯ ಅಣ್ಣ ಮಾಣಿಕಪ್ಪನನ್ನು ಅದು ಕೂರಿಸಿದ್ದು ಅವ್ವನ ಚಟ್ಟಕ್ಕೆ ಹೆಗಲು ಕೊಟ್ಟಿದ್ದಾಗ. ಶಹಾಬಾದಿನ ಬೀದಿಯಲ್ಲಿ ಹತ್ತು ಹೆಜ್ಜೆ ಹೋಗಿರಲಿಲ್ಲ, ಸೊಂಟ ನಡುಗಿತು. ಹೆಣವನ್ನು ಕಂಡಲ್ಲಿ ಇಳಿಸುವಂತಿಲ್ಲ. ಯಾರೋ ಓಡಿಬಂದು ಹೆಗಲು ಬದಲಿಸಿಕೊಂಡರು. ಬಾಗಿಲು ಹಾಕಿದ ಅಂಗಡಿಯೊಂದರ ಕಟ್ಟೆಯ ಮೇಲೆ ಅವನು ಕೂತ, ಅವ್ವ ಅವನನ್ನು ಬಿಟ್ಟು ಮುಂದೆ ಹೋದಳು. ಅವನು ಸ್ಮಶಾನ ಮುಟ್ಟುವಾಗ ಎಲ್ಲರೂ ಮಣ್ಣು ಹಾಕಿ ಮುಗಿದಿತ್ತು.

ಮೂರನೆಯ ದಿನ ಜಗದೇವಿ ಕೆಲಸಕ್ಕೆ ಬಂದವಳೇ ಮಿತಿಯನ್ನು ನಾಲ್ಕರಿಂದ ಎಂಟಕ್ಕೆ ಏರಿಸಿದಳು. ಒಬ್ಬರಿಗಷ್ಟೇ ಬದಲಿಸುವ ಅನುಕೂಲ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಬದಲಿಸಿದರೆ ಒಂದು ಸಾವಿರದ ನೂರಾ ಎಂಬತ್ತಾರು ಜನಕ್ಕೂ ಬದಲಾಗಬೇಕು. ಕಾರಣ ಬರೆಯುವ ಜಾಗದಲ್ಲಿ "ದೂರು ಕಡಿಮೆ ಮಾಡಲು" ಎಂದು ಬರೆದಳು. ಎಂಟರವರೆಗೆ ತಿದ್ದಲು ಬರುತ್ತದಲ್ಲ, ಕಡೆಯ ಗಳಿಗೆಯಲ್ಲಿ ಹೇಳಿದರೆ ಸಾಕು ಎಂದುಕೊಂಡಳು. ಅಳುತ್ತಳುತ್ತ ಮಾಡಿದ ಲೆಕ್ಕಾಚಾರ ಅದು. ಆದರೂ ಅವತ್ತು ಅದರಲ್ಲಿ ತಪ್ಪು ಕಾಣಲಿಲ್ಲ. ಕೂಡು ಹೊತ್ತು ಬಹುಮಟ್ಟಿಗೆ ನಿಂತೇಹೋಯಿತು. ಜನ ಹರಸಿದರು. ಕೇಂದ್ರದ ಮುಖ್ಯಸ್ಥರಾದ ಹೇರೂರ ಸಾಹೇಬರು ವರ್ಷದ ವರದಿಯಲ್ಲಿ ದೂರುಗಳು ಇಳಿದದ್ದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದರು.

ಎರಡು ವರ್ಷ ಎಲ್ಲವೂ ನೆಟ್ಟಗಿತ್ತು. ಈಗ, ಮೇ ತಿಂಗಳ ಬಿಸಿಲಲ್ಲಿ, ಚಿತ್ತಾಪುರದ ದರ್ಜಿ ಭೀಮಾಶಂಕರ ಬಂದ.

ಅವನು ಆಟೋ ಇಳಿದು ಅಂಗಳದಲ್ಲಿ ಚೆನ್ನಾಗಿಯೇ ನಡೆದು ಬಂದದ್ದನ್ನು ಜಗದೇವಿ ಕಿಟಕಿಯಿಂದ ನೋಡಿದಳು. ಕೇಂದ್ರದ ಬಾಗಿಲಿಗೆ ಐದು ಮೆಟ್ಟಿಲು. ಮೊದಲ ಮೆಟ್ಟಿಲ ಮುಂದೆ ಅವನು ನಿಂತ. ಕಾಲು ನೆಲದ ಮೇಲೆಯೇ ಸವರಿ ಮೆಟ್ಟಿಲಿಗೆ ತಾಗಿತು. ಮತ್ತೆ ಸವರಿತು. ಬಿಸಿಲಲ್ಲಿ ನಿಂತು ಅವನು ಅದನ್ನೇ ಏಳೆಂಟು ಸಲ ಮಾಡಿದ. ಅಷ್ಟರಲ್ಲಿ ಅವಳು ಕೆಳಗೆ ಓಡಿ ಬಂದಿದ್ದಳು.

"ಕಾಲು ಮ್ಯಾಲ ಬರವಲ್ದು ಮೇಡಂ" ಎಂದ ಅವನು. "ನೋವಿಲ್ಲ, ಏನಿಲ್ಲ. ಹ್ಯಾಂಗ ಎತ್ತಬೇಕು ಅಂಬೋದೇ ಗೊತ್ತಾಗವಲ್ದು."

ಅವನ ಅಂಗಡಿ, ಮನೆ ಎರಡೂ ನೆಲಮಟ್ಟದಲ್ಲಿ. ದೀಪಾವಳಿಗೆ ಬೀಗರ ಮಾಳಿಗೆ ಹತ್ತಿದ್ದ, ಆಗ ಸರಿಯಿತ್ತು. ಆಮೇಲೆ ಹತ್ತಿದ್ದು ನಿನ್ನೆ, ಮೊಮ್ಮಗಳ ಶಾಲೆಯಲ್ಲಿ. ಜಗದೇವಿ ಅವನ ಫೋಲ್ಡರ್ ತೆರೆದಳು. ತಿದ್ದಲಾಗದೆ ಹೋದದ್ದು ಎಂಬ ಕಡತದಲ್ಲಿ ಒಂದು ಎಂದಿತ್ತು. ಮೊನ್ನೆಯ ದಾಖಲೆಯಲ್ಲಿ ಅಲ್ಲಿ ಸೊನ್ನೆ. ಅದರ ಹಿಂದಿನ ದಿನವೂ ಸೊನ್ನೆ, ಆರು ತಿಂಗಳಿಂದಲೂ ಸೊನ್ನೆ.

ಅವಳಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕರ್ನೆಲ್ ತಪ್ಪು ಎಣಿಸುವುದು ಓದಿದಾಗ ಮಾತ್ರ. ದಿನಾ ನಡೆಯುವ ಹೆಜ್ಜೆ ದಿನಾ ಓದಿಸಿಕೊಳ್ಳುತ್ತದೆ, ಅದರ ತಪ್ಪು ಒಂದೊಂದಾಗಿ ಕಣ್ಣಿಗೆ ಬೀಳುತ್ತದೆ. ಮೆಟ್ಟಿಲನ್ನೇ ಹತ್ತದವನ ಮೆಟ್ಟಿಲಿನ ಪಾಠವನ್ನು ಯಾರೂ ಓದುವುದಿಲ್ಲ. ಈ ಊರಿನ ಶಾಖಕ್ಕೆ ಅದು ಒಳಗೊಳಗೇ ಅಳಿಸುತ್ತ ಐದು, ಆರು, ಏಳು ದಾಟಿ, ಎಂಟರಲ್ಲಿ ಯಾರ ಕಣ್ಣಿಗೂ ಬೀಳದೆ ಒಂಬತ್ತಕ್ಕೆ ಹೋಗಿ ಕೂರುತ್ತದೆ. ದೀಪಾವಳಿಯ ದಿನ ಅವನ ಮೆಟ್ಟಿಲಿನಲ್ಲಿ ನಾಲ್ಕೋ ಐದೋ ತಪ್ಪು ಇದ್ದೇ ಇರಬೇಕು. ಹಳೆಯ ಮಿತಿಯಿದ್ದರೆ ಅವತ್ತೇ ಅವನನ್ನು ಬೀಗರ ಮನೆಯಲ್ಲಿ ಇಪ್ಪತ್ತು ನಿಮಿಷ ಕೂರಿಸಿ ಹೊಸದಾಗಿ ಬರೆದುಕೊಂಡಿರುತ್ತಿತ್ತು. ಅವನು ಬೈದುಕೊಂಡು ಕೂತು, ಎದ್ದು, ಈಗ ಮೆಟ್ಟಿಲು ಹತ್ತುತ್ತಿದ್ದ. ಆ ಇಪ್ಪತ್ತು ನಿಮಿಷವನ್ನು ಅವನಿಂದ ಕಸಿದವಳು ತಾನು ಎಂಬುದು ಅವಳಿಗೆ ಸಿಡಿಲಿನ ಹಾಗೆ ಬಡಿಯಿತು.

ಹಾಗಾದರೆ ಪರದೆ ತುಂಬ ಹಸಿರಾಗಿ ನಿಂತಿರುವ ಸೊನ್ನೆಗಳ ಅರ್ಥವೇನು? ಏನೂ ಹೋಗಿಲ್ಲ ಎಂದಲ್ಲ. ಯಾರೂ ಕೇಳಿಲ್ಲ ಎಂದು. ಅವಳು ಮೊದಲು ತೆರೆದದ್ದು ಅಣ್ಣನ ಫೋಲ್ಡರನ್ನು. ಅಲ್ಲೂ ಸೊನ್ನೆ. ಆದರೆ ತಿದ್ದಿದ ತಪ್ಪುಗಳ ಕಡತ ದಿನಕ್ಕೆ ಹತ್ತು ಹನ್ನೆರಡರಂತೆ ಏರುತ್ತಿದ್ದದ್ದು ಹದಿನೈದು ದಿನದ ಹಿಂದೆ ಒಂದೇ ಏಟಿಗೆ ಅರವತ್ತನಾಲ್ಕು ಜಿಗಿದಿತ್ತು. ಅವತ್ತು ಅವನು ಗ್ಯಾಸ್ ಸಿಲಿಂಡರ್ ಎತ್ತಿ ಒಳಗಿಟ್ಟಿದ್ದು ಅವಳಿಗೆ ನೆನಪಿತ್ತು. ಅಪರೂಪಕ್ಕೆ ಎತ್ತಿದ ಒಂದು ಭಾರದಲ್ಲೇ, ಹಲವು ತುಣುಕು ಸೇರಿ, ಅಷ್ಟು ತಪ್ಪು. ಇನ್ನು ಅವನು ಮಾಡದೆ ಬಿಟ್ಟಿರುವ ಚಲನೆಗಳ ಪಾಡೇನು?

ದಾರಿ ಇತ್ತು. ಮಿತಿಯನ್ನು ಮತ್ತೆ ನಾಲ್ಕಕ್ಕೆ ಇಳಿಸಿ, ಎಲ್ಲರ ಮೆಮೊರಿಯನ್ನೂ ತುದಿಯಿಂದ ತುದಿಗೆ ಒಮ್ಮೆ ಓದಿಸಬೇಕು. ಎಂಟರ ಒಳಗಿರುವುದೆಲ್ಲ ಬದುಕುತ್ತದೆ, ಆಗಲೇ ಹೋದದ್ದು ಬಯಲಿಗೆ ಬರುತ್ತದೆ. ಮೂರು ಗಂಟೆಯ ಕೆಲಸ, ಆ ಮೂರು ಗಂಟೆ ಸಾವಿರ ಚಿಲ್ಲರೆ ಜನ ಕೂತಿರಬೇಕು. ಆಮೇಲೂ ಕೂಡು ಹೊತ್ತು ಹಳೆಯ ಹಾಗೆ ಬಂದು ವಕ್ಕರಿಸುತ್ತದೆ. ಮಿತಿ ಬದಲಿಸಿದವರು ಯಾರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ದಾಖಲೆಯಲ್ಲಿ ಹೆಸರು, ತಾರೀಖು, ಕಾರಣ ಎಲ್ಲ ಇದೆ.

ಅವಳು ಹೇರೂರ ಸಾಹೇಬರ ಕೋಣೆಗೆ ಹೋದಳು. ತನ್ನ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದಳು. ಅವರು ಕೆಟ್ಟವರಲ್ಲ. ಗಡಿಬಿಡಿ ಎಂದರೆ ಆಗದು, ಅಷ್ಟೇ. ಸಾವಿರದಲ್ಲಿ ಒಬ್ಬನಿಗಾದದ್ದಕ್ಕೆ ಎಲ್ಲರನ್ನೂ ಹೆದರಿಸಬೇಕೇ ಎಂದರು. ಪರದೆಯ ಮೇಲೆ ಸೊನ್ನೆ ಇರುವಾಗ ತಾವು ಏನೆಂದು ಮೇಲಕ್ಕೆ ಬರೆಯುವುದು ಎಂದರು. ಜೂನ್ ಹದಿನೈದಕ್ಕೆ ತಪಾಸಣೆ ಇದೆ, ಅಷ್ಟರಲ್ಲಿ ಮಳೆ ಬಿದ್ದು ತಂಪಾಗುತ್ತದೆ, ಆಮೇಲೆ ನಿಧಾನವಾಗಿ ನೋಡೋಣ ಎಂದು ಬೆಲ್ ಒತ್ತಿ ಚಹಾ ತರಿಸಿದರು. ಅವಳು ಚಹಾ ಕುಡಿದು ಬಂದಳು. ತನ್ನ ಹೆಸರನ್ನು ಯಾಕೆ ನುಂಗಿದೆ ಎಂದು ಮೆಟ್ಟಿಲಿಳಿಯುವಾಗ ತನ್ನನ್ನೇ ಕೇಳಿಕೊಂಡಳು, ಉತ್ತರ ಗೊತ್ತಿದ್ದೂ.

ಹೀಗೆ ಮೂರು ದಿನ ಕಳೆದವು. ಪ್ಯಾಸೆಂಜರ್ ಗಾಡಿಯಲ್ಲಿ ಕಲಬುರಗಿಗೆ ಹೋಗುವುದು, ಸೊನ್ನೆ ನೋಡುವುದು, ಶಹಾಬಾದಿಗೆ ವಾಪಸ್ಸು ಬರುವುದು. ಗಾಡಿಯಲ್ಲಿ ಕೂತರೆ ಎದ್ದು ಬಾಗಿಲಿಗೆ ಹೋಗಬೇಕೆನಿಸುತ್ತಿತ್ತು, ಬಾಗಿಲಲ್ಲಿ ನಿಂತರೆ ಕೂರಬೇಕೆನಿಸುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯ ಮೇಲಿನ ಕೋಣೆಯಲ್ಲೇ ಇದ್ದಳು. ಅವಳ ಕಸಿವಿಸಿ ವೈನಿಯ, ಅಂದರೆ ಅಣ್ಣನ ಹೆಂಡತಿ ಕಸ್ತೂರಬಾಯಿಯ ಕಣ್ಣಿಗೆ ಮೊದಲ ದಿನವೇ ಬಿದ್ದಿತ್ತು. ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದ್ದಳು.

ಭಾನುವಾರ ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಬಡಿಸಿದ್ದರು. ಮಾಣಿಕಪ್ಪ ಕುರ್ಚಿಯಲ್ಲಿ ಕೂತು ಉಣ್ಣುತ್ತ ಹುರುಪಿನಿಂದ ಮಾತಾಡುತ್ತಿದ್ದ. ಅವನು ಶಹಾಬಾದ ಕಲ್ಲಿನ ಗಣಿಯಲ್ಲಿ ಕಲ್ಲು ಕೇಳುವವನು. ಚಪ್ಪಡಿ ಎಬ್ಬಿಸುವ ಮೊದಲು, ಗುಂಡಿಯ ಅಂಚಿನ ದಡದ ಕೆಳಗೆ ಆಳು ಇಳಿಯುವ ಮೊದಲು, ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿ ಕೊಡುತ್ತಾನೆ. ಟಣ್ ಎಂದರೆ ಗಟ್ಟಿ. ದಬ್ ಎಂದರೆ ಒಳಗೆ ಎಲ್ಲೋ ಒಡಕು. ಕಣ್ಣಿಗೆ ಎರಡೂ ಒಂದೇ ನುಣುಪು. ಹದಿನಾಲ್ಕು ವರ್ಷದ ಹಿಂದೆ ದಡ ಕುಸಿದು ಅವನ ಬೆನ್ನು ಮುರಿಯಿತು. ಸೇತು ಹಾಕಿಸಿಕೊಂಡ ಮೇಲೆ ಭಾರ ಹೊರುವ ಕೆಲಸ ಬಿಟ್ಟು ಬರೀ ಕೇಳುವ ಕೆಲಸಕ್ಕೆ ಹಿಂದಿರುಗಿದ. ಬಿಸಿಲಿಗೆ ಎರಡು ತಿಂಗಳು ಮುಚ್ಚಿದ್ದ ಗಣಿ ಇನ್ನು ಹತ್ತು ದಿನಕ್ಕೆ ತೆರೆಯುವುದಿತ್ತು. ಅವನಿಲ್ಲದೆ ದಡದ ಕೆಳಗೆ ಯಾರೂ ಇಳಿಯುವುದಿಲ್ಲವಂತೆ. ಆ ಮಾತನ್ನು ಅವನು ಎರಡು ಸಲ ಹೇಳಿದ.

ಎರಡು ತಿಂಗಳು. ಮನೆಯಲ್ಲಿ ಕುರ್ಚಿ, ಮಂಚ, ಎತ್ತರದ ಪಾಯಖಾನೆ, ಎಲ್ಲ ಅವನಿಗಾಗಿಯೇ ಮಾಡಿಸಿದ್ದು. ಎರಡು ತಿಂಗಳಿಂದ ಅವನು ಒಮ್ಮೆಯೂ ಕುಕ್ಕರಗಾಲಲ್ಲಿ ಕೂತಿಲ್ಲ ಎಂಬುದು ಜಗದೇವಿಗೆ ತುತ್ತು ಎತ್ತುವಾಗ ಹೊಳೆಯಿತು. ಅಣ್ಣಾ, ಒಮ್ಮೆ ಕೂತು ತೋರಿಸು ಎಂದು ಕೇಳಿದರೆ ಈ ಕ್ಷಣವೇ ಗೊತ್ತಾಗಿಬಿಡುತ್ತದೆ. ಬಾಯಿ ತೆರೆದಳು. ಕೈಯಲ್ಲಿದ್ದ ತುತ್ತನ್ನೇ ಇಟ್ಟುಕೊಂಡಳು. ಕೇಳದಿದ್ದರೆ ಅದು ಇನ್ನೂ ಇದೆ ಎಂದೇ ಇಟ್ಟುಕೊಳ್ಳಬಹುದಲ್ಲ.

"ಮೂರು ದಿನ ಆಯ್ತು ಜಗ್ಗಿ, ನನ್ನ ಕಾಲೇ ನೋಡ್ಲಿಕ್ಕತ್ತೀದಿ" ಎಂದ ಮಾಣಿಕಪ್ಪ. "ಏನಾಗ್ಯದ ಹೇಳು."

ಅವಳು ಹೇಳಿದಳು. ಮಿತಿ, ನಾಲ್ಕು, ಎಂಟು, ಭೀಮಾಶಂಕರನ ಮೆಟ್ಟಿಲು, ಹೇರೂರ ಸಾಹೇಬರ ಚಹಾ, ಎಲ್ಲವನ್ನೂ ಹೇಳಿ, ಇದೆಲ್ಲ ಅವ್ವನನ್ನು ಮಣ್ಣು ಮಾಡಿದ ಮೂರನೆಯ ದಿನ ತಾನೇ ಮಾಡಿದ್ದು ಎಂದಳು. ಕಸ್ತೂರಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮಾಣಿಕಪ್ಪ ಕೈ ತೊಳೆದುಕೊಂಡು ಬಂದು ಕೂತ. ಬೈಯುತ್ತಾನೆ ಎಂದುಕೊಂಡಿದ್ದಳು, ಬೈಯಲಿಲ್ಲ. ಹೆಬ್ಬೆರಳಿನಿಂದ ಕುರ್ಚಿಯ ಹಿಡಿಕೆ ಉಜ್ಜಿದ.

ಆಮೇಲೆ ಅವನು ಹೇಳಿದ್ದನ್ನು ಅವನ ಹೆಂಡತಿಯೂ ಅವತ್ತೇ ಮೊದಲು ಕೇಳಿದ್ದು. ದಡ ಕುಸಿದ ದಿನ ಶನಿವಾರ. ಲಾರಿ ಬಂದು ನಿಂತಿತ್ತು, ಎಲ್ಲರಿಗೂ ಬೇಗ ಮುಗಿಸಿ ಸಂತೆಗೆ ಹೋಗುವ ಆತುರ. ಬೆಳಿಗ್ಗೆ ಅವನು ದಡಕ್ಕೆ ತಟ್ಟಿದ್ದ.

"ದಬ್ ಅಂದಿತ್ತು" ಎಂದ. "ನನಗ ಕೇಳಿಸಿತ್ತು ತಂಗಿ. ಹೇಳಿದ್ರ ದಿನದ ಕೆಲಸ ಕೆಡ್ತದ, ನಾಕು ಮಂದಿ ಬೈತಾರ ಅಂತ ಸುಮ್ನಾದೆ. ಸೋಮವಾರ ನೋಡಿದ್ರಾಯ್ತು ಅಂದೆ. ನನ್ನ ಬೆನ್ನು ಹೋಯ್ತು, ಹೋಗ್ಲಿ. ಚಂದ್ರಾಮ ನನ್ನ ಬಾಜೂಕೇ ಇದ್ದ."

ಚಂದ್ರಾಮ ಅವತ್ತು ಅಲ್ಲೇ ತೀರಿಕೊಂಡಿದ್ದ. ಅವನ ಹೆಂಡತಿ ಪ್ರತಿ ಹಬ್ಬಕ್ಕೂ ಮಾಣಿಕಪ್ಪನಿಗೆ ಹೋಳಿಗೆ ಕಳಿಸುತ್ತಾಳೆ, ತನ್ನ ಗಂಡನ ಜೊತೆ ನೋವುಂಡ ಜೀವ ಎಂದು. ಹದಿನಾಲ್ಕು ವರ್ಷದಿಂದ ಆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ ಎಂದ. ಇಷ್ಟು ಹೇಳಿ ಎದ್ದು, ಕುಕ್ಕರಗಾಲಲ್ಲಿ ಕೂರಲು ನೋಡಿದ. ಜಗದೇವಿ ಓಡಿಹೋಗಿ ತೋಳು ಹಿಡಿದಳು. ಬಿದ್ದರೆ ಸೊಂಟದ ಪೆಟ್ಟಿಗೆಗೇ ಏಟು. ಬೇಡ ಅಣ್ಣಾ, ಕೇಂದ್ರದಿಂದಲೇ ಓದಿಸುತ್ತೇನೆ ಎಂದಳು.

"ನನ್ನೊಬ್ಬಂದು ಅಲ್ಲ. ಎಲ್ಲಾರದೂ ಓದಿಸು" ಎಂದ ಅವನು. "ಜೂನ್ ತನಕ ತಡೀಬ್ಯಾಡ."

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಸಾವಿರದ ನೂರಾ ಎಂಬತ್ತಾರು ಜನರ ಫೋನಿಗೆ ಜಗದೇವಿಯ ದನಿ ಹೋಯಿತು. ನಾಳೆ ಒಂಬತ್ತರಿಂದ ಹನ್ನೆರಡರ ತನಕ ಮನೆಯಲ್ಲೇ ಕೂತಿರಿ, ಒಲೆಯ ಹತ್ತಿರ ಬೇಡ, ಬಾವಿಕಟ್ಟೆಯ ಮೇಲೆ ಬೇಡ, ಪಕ್ಕದಲ್ಲಿ ಯಾರಾದರೂ ಇರಲಿ. ಇನ್ನು ಮುಂದೆ ಕೂಡು ಹೊತ್ತು ಮೊದಲಿನ ಹಾಗೆ ಬರುತ್ತದೆ. ಎರಡು ವರ್ಷ ಅದನ್ನು ತಡೆದಿಟ್ಟವಳು ನಾನು, ಅದು ತಪ್ಪಾಯಿತು. ಇಷ್ಟೇ ಅದರಲ್ಲಿದ್ದದ್ದು.

ಹೇರೂರ ಸಾಹೇಬರು ಐದೇ ನಿಮಿಷದಲ್ಲಿ ನಿಗಾ ಕೋಣೆಗೆ ಬಂದರು. ಯಾರನ್ನು ಕೇಳಿ ಕಳಿಸಿದಿರಿ ಎಂದರು. ಅವಳು ಹಳೆಯ ದಾಖಲೆಯನ್ನು ಪರದೆಯ ಮೇಲೆ ತೆರೆದಿಟ್ಟಳು. ಅವರು ಹೆಸರು ಓದಿದರು, ತಾರೀಖು ಓದಿದರು, ಕಾರಣ ಓದಿದರು. ಆ ತಾರೀಖಿನ ವಾರದಲ್ಲಿ ಅವಳ ತಾಯಿಯ ಮಣ್ಣಿಗೆ ತಾವೇ ಬಂದಿದ್ದದ್ದು ಅವರಿಗೆ ನೆನಪಾಗಿರಬೇಕು. ಕುರ್ಚಿ ಎಳೆದು ಕೂತರು. ದಪ್ಪ ಅಕ್ಷರದಲ್ಲಿ ಹಾಕಿಸಿದ ವರದಿಯೂ ನೆನಪಾಗಿತ್ತೋ ಏನೋ, ಮುಖ ಒರೆಸಿಕೊಂಡರು.

"ನಾನು ನಿಮ್ಮ ಮ್ಯಾಲ ಬರೀಲೇಬೇಕಾಗ್ತದ" ಎಂದರು ಕಡೆಗೆ. "ಬರೀರಿ ಸರ್" ಎಂದಳು ಜಗದೇವಿ.

ಸಂಜೆಯವರೆಗೂ ನೂರಾ ನಲವತ್ತು ಜನ ದನಿ ಕೇಳಿಸಿಕೊಂಡ ಗುರುತಿರಲಿಲ್ಲ. ಹೇರೂರ ಸಾಹೇಬರು ಅವರ ಪಟ್ಟಿಯನ್ನು ಅರ್ಧಕ್ಕೆ ಹರಿದು, ಒಂದು ಅರ್ಧ ತಾವು ಇಟ್ಟುಕೊಂಡು, ಒಬ್ಬೊಬ್ಬರಿಗೂ ಫೋನ್ ಮಾಡುತ್ತ ಕೂತರು. ಬೈದವರೇ ಹೆಚ್ಚು. ನಾಳೆ ಮದುವೆ ಇದೆ ಎಂದು ಒಬ್ಬ ಕೂಗಾಡಿದ. ಮುಹೂರ್ತ ಹನ್ನೆರಡೂವರೆಗೆ ಎಂದು ಗೊತ್ತಾದ ಮೇಲೆ ಸಾಹೇಬರೇ ಅವನಿಗೆ ಸಮಾಧಾನ ಹೇಳಿ, ಊಟಕ್ಕೆ ಬರುತ್ತೇನೆ ಎಂದೂ ಒಪ್ಪಿಕೊಂಡರು.

ಮಂಗಳವಾರ ಒಂಬತ್ತಕ್ಕೆ ಜಗದೇವಿ ಮಿತಿಯ ಕಡತದಲ್ಲಿದ್ದ ಎಂಟನ್ನು ಅಳಿಸಿ ನಾಲ್ಕು ಬರೆದಳು. ಓದು ಶುರುವಾಯಿತು. ಆಳಂದದಲ್ಲಿ, ಸೇಡಂನಲ್ಲಿ, ಜೇವರ್ಗಿಯಲ್ಲಿ, ಕುರ್ಚಿ, ಕಟ್ಟೆ, ಮಂಚಗಳ ಮೇಲೆ ಕಾಲು ಆಡದೆ ಕೂತ ಅಷ್ಟೂ ಜನರ ಸೊಂಟದೊಳಗೆ ಒಂದೊಂದು ಹೆಜ್ಜೆಯನ್ನೂ ತೆಗೆದು ನೋಡಿ, ತಪ್ಪು ತಿದ್ದಿ, ಹೊಸ ಜಾಗಕ್ಕೆ ಬರೆದಿಡುವ ಕೆಲಸ ನಡೆಯಿತು. ತಿದ್ದಿದ ತಪ್ಪುಗಳ ಅಂಕಿ ಸಾವಿರ ದಾಟಿತು, ಹತ್ತು ಸಾವಿರ ದಾಟಿತು. ಅಷ್ಟೂ ಬದುಕಿಕೊಂಡದ್ದು. ಅದರ ಪಕ್ಕದ ಕಾಲಂನಲ್ಲಿ ಹಸಿರು ಸೊನ್ನೆಗಳ ನಡುವೆ ಕೆಂಪು ಅಂಕಿಗಳು ಏಳತೊಡಗಿದವು. ಒಂದು. ಮತ್ತೊಂದು ಕಡೆ ಎರಡು. ಅವಳು ಒಂದೊಂದು ಹೆಸರನ್ನೂ ಕೈಯಿಂದ ಬರೆದುಕೊಂಡಳು. ಹನ್ನೆರಡು ಗಂಟೆಗೆ ಭೀಮಾಶಂಕರನೂ ಸೇರಿ ಮೂವತ್ತು ಹೆಸರಾಗಿದ್ದವು.

ಅಣ್ಣನ ಫೋಲ್ಡರನ್ನು ಅವಳು ಕಡೆಗೆ ಉಳಿಸಿಕೊಂಡಿದ್ದಳು. ತೆರೆದಳು. ಸೊನ್ನೆ ಇರಲಿಲ್ಲ. ಒಂದು ಇತ್ತು.

ಕರ್ನೆಲ್ ಹೇಳುವುದು ಅಷ್ಟೇ. ಹೋದದ್ದು ಯಾವ ಹೆಜ್ಜೆ ಎಂದು ಅದು ಹೇಳುವುದಿಲ್ಲ. ಹತ್ತು ನಿಮಿಷದ ಮೇಲೆ ಕಸ್ತೂರಬಾಯಿಯ ಫೋನ್ ಬಂತು. ಎದ್ದರು, ನಡೆದರು, ಮೆಟ್ಟಿಲು ಹತ್ತಿ ನಿನ್ನ ಕೋಣೆಯ ತನಕ ಹೋಗಿ ಬಂದರು ಎಂದಳು. ಕುಕ್ಕರಗಾಲಿನ ಮಾತು ಅದರಲ್ಲಿ ಇರಲಿಲ್ಲ. ಜಗದೇವಿ ಕೇಳಲೇಬೇಕಾಯಿತು. ಈ ಸಲ ಕೇಳಿದಳು.

"ಅಂಗಳದಾಗ ನಿಂತಾರ" ಎಂದಳು ಕಸ್ತೂರಬಾಯಿ. "ಕೆಳಗ ಕೂಡ್ಲಿಕ್ಕ ಬರವಲ್ದು."

ಜಗದೇವಿ ಮೂವತ್ತರ ಕೆಳಗೆ ಮೂವತ್ತೊಂದನೆಯ ಹೆಸರು ಬರೆದಳು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನಿಗಾ ಕೋಣೆಯಲ್ಲಿ ಇದ್ದವರು ಹೇರೂರ ಸಾಹೇಬರೊಬ್ಬರೇ. ಅವರು ಬೆಲ್ ಒತ್ತಲಿಲ್ಲ, ಚಹಾ ತರಿಸಲಿಲ್ಲ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು.

ಅವಳನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಟ್ಟರು. ಅದು ನ್ಯಾಯವೇ ಎಂದು ಅವಳಿಗೂ ಅನ್ನಿಸಿತು. ಅನ್ನಿಸಿದರೂ ಉರಿ ಕಡಿಮೆಯಾಗಲಿಲ್ಲ. ಮನೆಯಲ್ಲಿ ಕೂತರೆ ಮೂವತ್ತೊಂದು ಹೆಸರು ಸಾಲಾಗಿ ಕಣ್ಣ ಮುಂದೆ ಬರುತ್ತಿದ್ದವು. ಒಬ್ಬಳಿಗೆ ಎಡಕ್ಕೆ ತಿರುಗುವುದು ಹೋಗಿತ್ತು, ಒಬ್ಬನಿಗೆ ಓಡುವುದು. ಇನ್ನೊಬ್ಬಾಕೆಗೆ ತುದಿಗಾಲಲ್ಲಿ ನಿಂತು ಮೇಲಿನ ಡಬ್ಬಿ ತೆಗೆಯುವುದು ಹೋಗಿತ್ತು. ಜೂನ್ ತನಕ ಕಾದಿದ್ದರೆ ಇನ್ನೆಷ್ಟು ಹೆಸರು ಸೇರುತ್ತಿದ್ದವೋ ಎಂದು ಕಸ್ತೂರಬಾಯಿ ಸಮಾಧಾನ ಹೇಳುತ್ತಿದ್ದಳು. ಇರಬಹುದು. ಸೇರದೆ ಉಳಿದ ಹೆಸರುಗಳು ಅವಳಿಗೆ ಗೊತ್ತಿರಲಿಲ್ಲ, ಸೇರಿದ ಹೆಸರುಗಳು ಗೊತ್ತಿದ್ದವು.

ಗಣಿ ತೆರೆದ ದಿನ ಮಾಣಿಕಪ್ಪ ಬೆಳಿಗ್ಗೆಯೇ ತಲೆಗೆ ರುಮಾಲು ಸುತ್ತಿಕೊಂಡು ಮೆಟ್ಟಿಲ ಕೆಳಗೆ ನಿಂತು ಅವಳನ್ನು ಕರೆದ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಇಬ್ಬರೂ ನಡೆದೇ ಹೋದರು. ದಾರಿಯಲ್ಲಿ ಒಮ್ಮೆ ಅವನ ಸೊಂಟ ನಡುಗಿತು. ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತರು, ಇಪ್ಪತ್ತು ನಿಮಿಷ. ಬೈಯಬೇಕೆನಿಸುತ್ತದೆ, ಆದರೆ ಯಾರಿಗೆ ಅಂತ ಬೈಯಲಿ ಎಂದು ಅವನು ನಕ್ಕ. ಚಂದ್ರಾಮನ ಹೆಂಡತಿಯ ಮನೆಗೆ ನಿನ್ನೆ ಹೋಗಿ ಎಲ್ಲ ಹೇಳಿ ಬಂದೆ ಎಂದೂ ಹೇಳಿದ. ಅವಳು ಏನಂದಳು ಎಂದು ಕೇಳಿದ್ದಕ್ಕೆ, ಬಾಗಿಲು ಹಾಕಿಕೊಂಡಳು ಎಂದ.

ಗಣಿಯ ತ್ವಾಡಿನಲ್ಲಿ, ಕಲ್ಲು ತೆಗೆದ ಗುಂಡಿಯಲ್ಲಿ, ಅವನಿಗೆ ಕಾಯದೆ ಆಗಲೇ ಏಳೆಂಟು ಜನ ಹಾರೆ, ಉಳಿ ಹಿಡಿದು ಇಳಿದಿದ್ದರು. ಮೇಲೆ ಲಾರಿ ನಿಂತಿತ್ತು. ಮಾಣಿಕಪ್ಪ ದಡದ ಹತ್ತಿರ ಹೋಗಿ ನಿಂತ, ಎರಡು ಸಲ ಮೊಣಕಾಲು ಮಡಿಸಲು ನೋಡಿದ, ಬಿಟ್ಟ. ಜೇಬಿನಿಂದ ಸಣ್ಣ ಸುತ್ತಿಗೆ ತೆಗೆದು ತಂಗಿಯ ಕೈಗೆ ಕೊಟ್ಟ. ಅವಳು ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು ತಟ್ಟಿದಳು. ಮೊದಲ ಕಲ್ಲು ಟಣ್ ಎಂದಿತು, ಎರಡನೆಯದೂ ಟಣ್ ಎಂದಿತು. ಮೂರನೆಯದು ಹಾಗೆನ್ನಲಿಲ್ಲ. ಅವಳು ಮತ್ತೆ ತಟ್ಟಿದಳು. ಪಕ್ಕಕ್ಕೆ ಸರಿದು ಮತ್ತೊಮ್ಮೆ ತಟ್ಟಿದಳು. ತನ್ನ ಕಿವಿ ಹೊಸದು, ತಪ್ಪಿರಬಹುದು. ಲಾರಿಯವನು ಬಾಗಿಲಿಗೆ ಒರಗಿ ಗಡಿಯಾರ ನೋಡುತ್ತಿದ್ದ. ಕೆಳಗಿನವರು ಕೆಲಸ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

"ಏನಂತದ?" ಎಂದ ಮಾಣಿಕಪ್ಪ. ಅವನಿಗೂ ಕೇಳಿಸಿತ್ತು. ಆದರೂ ಅವಳನ್ನೇ ಕೇಳಿದ.

"ದಬ್ ಅಂತದ ಅಣ್ಣಾ."

"ನನಗ ಹೇಳಿದ್ರ ಏನು ಬಂತು? ಜೋರಾಗಿ ಹೇಳು."

ಜಗದೇವಿ ಎದ್ದು ನಿಂತು, ಲಾರಿಯವನಿಗೂ ಕೇಳುವ ಹಾಗೆ ಕೂಗಿ ಹೇಳಿದಳು. ಯಾರೋ ಒಬ್ಬ ಗೊಣಗಿದ. ಆಮೇಲೆ ತ್ವಾಡಿನಲ್ಲಿದ್ದವರು ಹಾರೆ, ಬುಟ್ಟಿ ಎತ್ತಿಕೊಂಡು ಒಬ್ಬೊಬ್ಬರಾಗಿ ಮೇಲೆ ಹತ್ತಿ ಬರತೊಡಗಿದರು. ಕೊನೆಯವನು ಬರುವವರೆಗೂ ಅವಳು ನಿಂತು ಎಣಿಸಿದಳು.